ಚಂದಪ್ಪನ ಬೆನ್ನು ಹತ್ತಿ

ಪಿಯುಸಿ ಓದುವಾಗ ಒಮ್ಮೆ ನಾನು ಚಂದ್ರನನ್ನು ನಂಬಿ ಊರು ತಪ್ಪಿದ್ದೆ. ಬನ್ನಿ ಹಬ್ಬದ ಮರುದಿನ. ಸಿಂದಗಿಯಿಂದ ಹೊರಟ ಕಡೇ ಬಸ್ಸು ನನ್ನನ್ನು ಕ್ರಾಸಿನಲ್ಲಿ ಇಳಿಸಿ ಧೂಳೆಬ್ಬಿಸಿ ಹೋದಾಗ ರಾತ್ರಿ ಒಂಬತ್ತರ ಹತ್ತಿರ. ಅಲ್ಲಿಂದ ನಮ್ಮೂರಿಗೆ ಬಂಡಿದಾರಿ ಸುತ್ತು, ಹೊಲದೊಳಗೆ ಹಾದರೆ ಹತ್ತಿರ. ಹಿಂಗಾರಿ ಬಿತ್ತಿಗೆಗೆಂದು ಹರಗಿ ಬಿಟ್ಟ ಎರಿಹೊಲ. ಗಿಡವಿಲ್ಲ, ಗುಡ್ಡವಿಲ್ಲ, ದೂರದಲ್ಲೊಂದು ದೀಪವೂ ಇಲ್ಲ. ನಮ್ಮೂರು ಇರುವುದು ತೆಂಕಣಕ್ಕೆ. ಏಕಾದಶಿಯ ಚಂದ್ರನೂ ಸರಿಯಾಗಿ ತೆಂಕಣದಲ್ಲೇ, ನೆತ್ತಿಗಿಂತ ತುಸು ಕೆಳಗೆ ನಿಂತಿದ್ದ. ಇನ್ನೇನು ಬೇಕು? ಅವನ ಮೋರೆ ನೋಡುತ್ತ ನಡೆದೆ. ಕಿಸೆಯಲ್ಲಿ ಮನೆಯವರಿಗೆ ಕೊಡಲು ಇಟ್ಟುಕೊಂಡ ಬನ್ನಿ ಎಲೆ, ಕಾಲಿಗೆ ಹೆಂಟೆ, ತಲೆಯಲ್ಲಿ ಸಿನಿಮಾ ಹಾಡು.

ಎರಡು ತಾಸು ನಡೆದ ಮೇಲೆ ನಾಯಿಗಳು ಬೊಗಳಿದವು. ಊರು ಬಂತು, ಆದರೆ ಅದು ನಮ್ಮೂರಲ್ಲ. ಗುಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದ ಮುದುಕನೊಬ್ಬ ಎದ್ದು ಕುಳಿತು, ಯಾರ ಮಗ, ಎತ್ತ ಹೊರಟವನು ಎಂದು ವಿಚಾರಿಸಿ ನಕ್ಕ. ಅವನ ಮನೆಯ ರೊಟ್ಟಿ ಉಂಡು, ಅವನಿಗೇ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಿ, ಬೆಳಗಿನವರೆಗೆ ಅದೇ ಕಟ್ಟೆಯ ಮೇಲೆ ಮಲಗಿದೆ.

ಮರುದಿನ ಮುತ್ಯಾ ಬೈಯಲಿಲ್ಲ. ಎತ್ತಿಗೆ ನೀರು ಕುಡಿಸುತ್ತ, ನನ್ನ ಕಡೆ ನೋಡದೆಯೇ ಅಂದ: "ಚಂದಪ್ಪ ನಡಿಯಾಂವ ತಮ್ಮಾ. ನಡಿಯಾಂವನ್ನ ಗುರ್ತಾ ಇಟ್ಕೊಂಡು ಹೊಂಟ್ರ ಅಂವ ಹೋದಲ್ಲಿ ನೀನೂ ಹೋಗ್ತಿ."

ನಾನು 'ನಿಂತಿದ್ದ' ಎಂದುಕೊಂಡಿದ್ದೆನಲ್ಲ, ತಪ್ಪಿದ್ದು ಅಲ್ಲೇ. ನೆತ್ತಿಯ ಸಮೀಪ ಹಾಯುವಾಗ ಚಂದ್ರ ದಿಕ್ಕು ಬದಲಿಸುವ ವೇಗ ಬಹಳ. ಎರಡು ತಾಸಿನಲ್ಲಿ ಅವನು ತೆಂಕಣದಿಂದ ನೈಋತ್ಯಕ್ಕೆ ಸರಿದಿದ್ದ. ಅವನ ಹಿಂದೆ ನಾನೂ ಬಿಲ್ಲಿನಂತೆ ಬಾಗಿ ಬಾಗಿ ನಡೆದಿದ್ದೆ. ನಡೆಯುವಾಗ ಮಾತ್ರ ನೇರ ಹೋಗುತ್ತಿದ್ದೇನೆ ಎಂದೇ ನನಗನಿಸಿತ್ತು.

ಹತ್ತಿಪ್ಪತ್ತು ವರ್ಷ ಕಳೆದ ಮೇಲೆ, ಹಡಗು ನಡೆಸುವವರ ವಿದ್ಯೆಯ ಕುರಿತು ಓದುತ್ತ ಮುತ್ಯಾನ ಮಾತು ಮತ್ತೆ ಎದುರಾಯಿತು, ಅದೂ ತಿರುಗುಮುರುಗಾಗಿ. ನಡೆಯುವವನು ಎಂಬ ಕಾರಣಕ್ಕೇ ಕಡಲಿನವರು ಚಂದ್ರನನ್ನು ನೆಚ್ಚಿದ್ದರು. ನಿಂತಿರುವ ಚುಕ್ಕಿ ಹೇಳಲಾರದ್ದನ್ನು ನಡೆಯುವ ಚಂದ್ರ ಹೇಳುತ್ತಾನೆ ಎಂದು ಅವರು ಕಂಡುಕೊಂಡಿದ್ದರು. ಆವತ್ತಿನಿಂದ ಚಂದ್ರನನ್ನು ಕಂಡಾಗಲೆಲ್ಲ ನನಗೆ ಬೆಳದಿಂಗಳಿಗಿಂತ ಈ ಲೆಕ್ಕವೇ ಮೊದಲು ನೆನಪಾಗುತ್ತದೆ. ಕವಿಗಳು ಕ್ಷಮಿಸಬೇಕು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂರಿನ ಸೀಮೆಯಲ್ಲಿ ಎಲ್ಲಿ ನಿಂತರೂ ಸಮುದ್ರ ಇನ್ನೂರೈವತ್ತು ಕಿಲೋಮೀಟರಿಗಿಂತ ಹತ್ತಿರವಿಲ್ಲ. ಆದರೂ ಕಡಲು ನೋಡದವರಿಗೆ ಕಡಲೆಂದರೇನು ಎಂದು ತಿಳಿಸಬೇಕಾದರೆ ನಾನು ಅವರನ್ನು ಕರೆದೊಯ್ಯುವುದು ಬಿತ್ತಿಗೆಗೆ ಮುಂಚಿನ ಎರಿಹೊಲಕ್ಕೆ. ಸುತ್ತ ಎತ್ತ ನೋಡಿದರೂ ಆಕಾಶ ನೆಲಕ್ಕೆ ಮುಟ್ಟಿದ ಗೆರೆ ಒಂದೇ ಸಮನೆ ಕಾಣುತ್ತದೆ. ನಡುವೆ ಒಂದು ಬಂಡಿ ಹೊರಟರೆ ಅದು ಮುಂದೆ ಹೋಗುತ್ತಿದೆಯೋ ನಿಂತಿದೆಯೋ ತಿಳಿಯುವುದಿಲ್ಲ. ಈ ಸೀಮೆಗೆ ಡೋಣಿ ಎಂಬ ಹೊಳೆಯೂ ಇದೆ. ಅದು ಹರಿದರೆ ಓಣಿ ತುಂಬ ಜೋಳ ಎಂಬ ಮಾತು ಎಲ್ಲರ ಬಾಯಲ್ಲಿದೆ. ಹೆಸರು ಕೇಳಿದರೆ ದೋಣಿ ನೆನಪಾಗುತ್ತದೆ, ನೀರು ಬಾಯಿಗಿಟ್ಟರೆ ಉಪ್ಪು. ಕಡಲಿಗೆ ಬೇಕಾದ್ದೆಲ್ಲ ಇದೆ, ಕಡಲೊಂದೇ ಇಲ್ಲ ಎಂದು ನಾನು ತಮಾಷೆ ಮಾಡುವುದುಂಟು.

ಮತ್ತು ನಮ್ಮದು ಚಂದ್ರನ ಲೆಕ್ಕದಲ್ಲೇ ಬದುಕಿದ ಸೀಮೆ. ಕಾರಹುಣ್ಣಿವಿಗೆ ಎತ್ತು ಓಡಿಸಬೇಕು, ಮಣ್ಣೆತ್ತಿನ ಅಮಾಸಿಗೆ ಮಣ್ಣಿನೆತ್ತು ಮಾಡಬೇಕು, ಸೀಗಿ ಹುಣ್ಣಿವಿಗೆ ಹೊಲಕ್ಕೆ ಬುತ್ತಿ ಹೋಗಬೇಕು, ಎಳ್ಳ ಅಮಾಸಿಗೆ ಎದೆಯೆತ್ತರದ ಜೋಳದಲ್ಲಿ ನಿಂತು ಚರಗ ಚೆಲ್ಲಬೇಕು. ಹಂತಿ ಹೊಡೆಯುವವರು ಬೆಳದಿಂಗಳ ಪಕ್ಷ ನೋಡಿ ಕಣ ಕಟ್ಟುತ್ತಿದ್ದರು. ಇಡೀ ರಾತ್ರಿ ಮೇಟಿಯ ಸುತ್ತ ಎತ್ತುಗಳು ತಿರುಗುತ್ತಿದ್ದವು, ಮೇಲೆ ಚುಕ್ಕಿಗಳೂ ತಿರುಗುತ್ತಿದ್ದವು. ಕಣದಲ್ಲಿ ಮಲಗಿದ ಹುಡುಗರಿಗೆ ಎರಡರಲ್ಲಿ ಯಾವುದು ಯಾವುದನ್ನು ನೋಡಿ ಕಲಿತದ್ದು ಎಂಬ ಅನುಮಾನ. ಚಂದಪ್ಪ ದಿನಕ್ಕೆ ಎರಡು ಗಳಿಗೆ ತಡವಾಗಿ ಬರುತ್ತಾನೆ ಎಂಬುದು ನಮ್ಮ ಆಯಿಗೆ ಗೊತ್ತಿತ್ತು. ಎರಡು ಗಳಿಗೆ ಎಂದರೆ 48 ನಿಮಿಷ. ಪುಸ್ತಕದಲ್ಲಿ ಸರಾಸರಿ 50 ನಿಮಿಷ ಎಂದಿದೆ. ಅಕ್ಷರ ಬಾರದ ಆಯಿಗೂ ಪುಸ್ತಕಕ್ಕೂ ಎರಡು ನಿಮಿಷದ ಅಂತರ.

ಕಡಲಿನವನಿಗೆ ರಾತ್ರಿ ಎರಡು ಪ್ರಶ್ನೆ. ಉತ್ತರ-ದಕ್ಷಿಣದಲ್ಲಿ ಎಲ್ಲಿದ್ದೇನೆ, ಪೂರ್ವ-ಪಶ್ಚಿಮದಲ್ಲಿ ಎಲ್ಲಿದ್ದೇನೆ. ಮೊದಲನೆಯದು ಸುಲಭ. ಧ್ರುವತಾರೆ ಎಷ್ಟು ಎತ್ತರದಲ್ಲಿ ಕಾಣುತ್ತದೋ ಅದೇ ಅವನ ಅಕ್ಷಾಂಶ. ಇಂಡಿಯಲ್ಲಿ ನಿಂತು ಕೈ ನೀಡಿ ಮುಷ್ಟಿ ಹಿಡಿದರೆ, ನೆಲದ ಗೆರೆಯಿಂದ ಹೆಚ್ಚುಕಡಿಮೆ ಒಂದೂಮುಕ್ಕಾಲು ಮುಷ್ಟಿ ಮೇಲೆ ಧ್ರುವ ಕಾಣುತ್ತದೆ. 17 ಅಂಶ. ಅರಬ್ಬೀ ಸಮುದ್ರದ ನಾವಿಕರು ಇದನ್ನೇ ಬೆರಳಲ್ಲಿ ಅಳೆಯುತ್ತಿದ್ದರು. ಅವರ ಅಳತೆಗೆ ಇಸ್ಬಾ ಎಂದು ಹೆಸರು, ಅಂದರೆ ಬೆರಳೇ. ಒಂದು ಸಣ್ಣ ಹಲಗೆ, ಅದಕ್ಕೆ ಗಂಟು ಹಾಕಿದ ದಾರ. ದಾರವನ್ನು ಹಲ್ಲಲ್ಲಿ ಕಚ್ಚಿ ಹಲಗೆಯನ್ನು ಧ್ರುವಕ್ಕೂ ನೀರಿನ ಗೆರೆಗೂ ನಡುವೆ ಹಿಡಿದರೆ ಮುಗಿಯಿತು. ಅದಕ್ಕೆ ಕಮಾಲ್ ಎನ್ನುತ್ತಾರೆ, ಹೆಸರಿಗೆ ತಕ್ಕ ಕಮಾಲೇ. ಆದಿಲಶಾಹಿಯ ಮುಖ್ಯ ಬಂದರು ದಾಭೋಳ. ಅರಬಸ್ತಾನದ ಕುದುರೆಗಳು ಕಡಲು ದಾಟಿ ಇಳಿಯುತ್ತಿದ್ದ ರೇವುಗಳಲ್ಲಿ ಅದೂ ಒಂದು. ವಿಜಯಪುರದ ಲಾಯ ಸೇರಿದ ಎಷ್ಟೋ ಕುದುರೆಗಳು ಹೀಗೆ ಹಲ್ಲಲ್ಲಿ ದಾರ ಕಚ್ಚಿದವರ ಲೆಕ್ಕದ ಮೇಲೆ ನಡುನೀರು ದಾಟಿ ಬಂದವೇ ಇರಬೇಕು.

ಎರಡನೆಯ ಪ್ರಶ್ನೆ ಕಠಿಣ. ಪೂರ್ವ-ಪಶ್ಚಿಮ ಎಂದರೆ ಹೊತ್ತು. ಭೂಮಿ ಒಂದು ಅಂಶ ತಿರುಗಲು ನಾಲ್ಕು ನಿಮಿಷ. ನಮ್ಮ ಇಂಡಿಯ ಸೂರ್ಯ ಗಡಿಯಾರದ ಹೊತ್ತಿಗಿಂತ ಸುಮಾರು 26 ನಿಮಿಷ ಹಿಂದೆ ನಡೆಯುತ್ತಾನೆ. ದೇಶದ ಗಡಿಯಾರ 82.5 ಅಂಶದ ರೇಖೆಗೆ ಹೊಂದಿಕೊಂಡಿದೆ, ಇಂಡಿ ಅದಕ್ಕಿಂತ ಆರೂವರೆ ಅಂಶ ಪಡುವಣಕ್ಕಿದೆ. ಹಾಗಾಗಿ ನಡುನೀರಿನಲ್ಲಿದ್ದವನಿಗೆ 'ಈಗ ಊರಲ್ಲಿ ಎಷ್ಟು ಹೊತ್ತು' ಎಂಬುದು ಗೊತ್ತಾದರೆ ತಾನು ಊರಿನಿಂದ ಎಷ್ಟು ದೂರ ಬಂದೆ ಎಂಬುದೂ ಗೊತ್ತಾಗುತ್ತದೆ. ಆದರೆ ಊರಿನ ಹೊತ್ತನ್ನು ಹಡಗಿನಲ್ಲಿ ಒಯ್ಯುವುದು ಹೇಗೆ? ತೂಗಾಡುವ ಹಡಗಿನಲ್ಲಿ ಲೋಲಕದ ಗಡಿಯಾರ ನಡೆಯುವುದಿಲ್ಲ. 1707ರಲ್ಲಿ ಇಂಗ್ಲೆಂಡಿನ ನೌಕಾಪಡೆ ತಾನು ಎಲ್ಲಿದ್ದೇನೆಂದು ತಿಳಿಯದೆ ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ನಾಲ್ಕು ಹಡಗು ಕಳಕೊಂಡಿತು, ಸಾವಿರಕ್ಕೂ ಮಿಕ್ಕಿ ಜನ ನೀರುಪಾಲಾದರು. 1714ರಲ್ಲಿ ಅಲ್ಲಿನ ಸರ್ಕಾರ ಈ ಪ್ರಶ್ನೆ ಬಿಡಿಸಿದವರಿಗೆ 20,000 ಪೌಂಡ್ ಇನಾಮು ಸಾರಿತು. ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗ ಸಮುದ್ರದಲ್ಲೂ ತಪ್ಪದ ಗಡಿಯಾರ ಮಾಡಿದ ಕತೆಯನ್ನು ಬಹಳ ಜನ ಹೇಳಿದ್ದಾರೆ. ನನಗೆ ಇಷ್ಟವಾಗುವುದು ಅದೇ ಹೊತ್ತಿಗೆ ಗಡಿಯಾರವನ್ನು ಆಕಾಶದಲ್ಲೇ ಹುಡುಕಿದವರ ಕತೆ.

ಚಂದ್ರ ಚುಕ್ಕಿಗಳ ನಡುವೆ ಒಂದು ತಾಸಿಗೆ ತನ್ನ ಮೈಯಗಲದಷ್ಟು ಮೂಡಣಕ್ಕೆ ಸರಿಯುತ್ತಾನೆ. ಇದನ್ನು ನೋಡಲು ಯಾವ ಯಂತ್ರವೂ ಬೇಡ. ಒಂದು ಚಳಿಗಾಲ ಮಾಳಿಗೆಯ ಮೇಲೆ ಮಲಗಿದ್ದಾಗ ನಾನೇ ನೋಡಿದ್ದೇನೆ. ಮಲಗುವ ಹೊತ್ತಿಗೆ ರೋಹಿಣಿ ಚಂದ್ರನ ಮೂಡಣ ಬದಿಗೆ ಕೆಂಪಗೆ ಮಿನುಗುತ್ತಿತ್ತು. ಬೆಳಗಿನ ಜಾವ ಎಚ್ಚರಾದಾಗ ಚಂದ್ರ ಅದನ್ನು ದಾಟಿ ಮುಂದೆ ಹೋಗಿದ್ದ, ರೋಹಿಣಿ ಹಿಂದೆ ಉಳಿದಿತ್ತು. ಎಲ್ಲವೂ ಒಟ್ಟಿಗೆ ಮೂಡಣದಿಂದ ಪಡುವಣಕ್ಕೆ ಹೋಗುತ್ತಿರುವಾಗ, ಅವನೊಬ್ಬ ಓಡುವ ಬಸ್ಸಿನೊಳಗೆ ಹಿಂದಕ್ಕೆ ನಡೆಯುವ ಕಂಡಕ್ಟರನಂತೆ ಎದುರು ದಿಕ್ಕಿಗೆ ನಡೆಯುತ್ತಾನೆ. ಹಾಗಾದರೆ ಇಂಥ ಚುಕ್ಕಿಯಿಂದ ಚಂದ್ರ ಇಷ್ಟು ದೂರದಲ್ಲಿದ್ದಾನೆ ಎಂದರೆ ಇಂಥದೇ ಹೊತ್ತು ಎಂದಾಯಿತು. ಲಂಡನ್ನಿನಲ್ಲೂ ಅದೇ ದೂರ, ನಡುಗಡಲಲ್ಲೂ ಅದೇ ದೂರ. ಚುಕ್ಕಿಗಳೇ ಅಂಕಿಗಳು, ಚಂದ್ರನೇ ಮುಳ್ಳು. ಗಡಿಯಾರ ಎಲ್ಲಿಗೆ ಹೋದರೂ ತಲೆಯ ಮೇಲಿದೆ, ಕೀಲಿ ಕೊಡಬೇಕಿಲ್ಲ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ತಿಥಿ ಎಂದು ನಾವು ದಿನವೂ ನೋಡುವುದು ಏನನ್ನು? ಸೂರ್ಯನಿಂದ ಚಂದ್ರ ಎಷ್ಟು ದೂರ ನಡೆದ ಎಂಬುದನ್ನೇ. ಹನ್ನೆರಡು ಅಂಶಕ್ಕೊಂದು ತಿಥಿ, ಮೂವತ್ತು ತಿಥಿಗೆ ಒಂದು ಸುತ್ತು. ಇವತ್ತು ಬಿದಿಗೆ, ನಾಳೆ ತದಿಗೆ ಎನ್ನುವಾಗ ಅಯ್ನೋರು ಓದುತ್ತಿದ್ದದ್ದು ಕಡಲಿನವರು ಹುಡುಕುತ್ತಿದ್ದ ಅದೇ ಅಂತರ. ನಕ್ಷತ್ರವೂ ಅಷ್ಟೇ, ಇಪ್ಪತ್ತೇಳು ಮನೆಗಳಲ್ಲಿ ಚಂದ್ರ ಈಗ ಯಾವ ಮನೆಯಲ್ಲಿದ್ದಾನೆ ಎಂಬ ಲೆಕ್ಕ. ನಮ್ಮ ಊರಿನ ಗೋಡೆಗೆ ಮೊಳೆ ಹೊಡೆದು ತೂಗುಬಿಟ್ಟದ್ದು ಹಡಗಿನ ಗಡಿಯಾರದ ಒರಟು ನಕಲು ಎಂದು ತಿಳಿದಾಗ ಆದ ಹಿಗ್ಗನ್ನು ನಾನು ಮನೆಯಲ್ಲಿ ಯಾರಿಗೂ ತಿಳಿಸಿ ಹೇಳಲಾರದೆ ಹೋದೆ. "ಅದಕ್ಕೇನೀಗ, ನಾಡಿದ್ದು ಏಕಾದಶಿ ಹೌದೋ ಅಲ್ಲೋ?" ಎಂದಳು ಅವ್ವ.

ಒರಟು ಎಂದದ್ದಕ್ಕೆ ಕಾರಣವಿದೆ. ಅವ್ವನ ಉಪವಾಸಕ್ಕೆ ಹನ್ನೆರಡು ಅಂಶದ ಅಳತೆ ಸಾಕು. ಕಡಲಿನವನಿಗೆ ಒಂದು ಅಂಶದ ಅರವತ್ತನೇ ಪಾಲು, ಅಂದರೆ ಒಂದು ಕಲೆ ಬೇಕು. ಚಂದ್ರಬಿಂಬದ ಅಗಲವೇ ಸುಮಾರು 31 ಕಲೆ. ಅದರ ಮೂವತ್ತನೇ ಒಂದು ಪಾಲು ತಪ್ಪಿ ಅಳೆದರೆ ಹೊತ್ತಿನಲ್ಲಿ ಎರಡು ನಿಮಿಷ ತಪ್ಪುತ್ತದೆ, ಎರಡು ನಿಮಿಷದಲ್ಲಿ ಭೂಮಿ ಅರ್ಧ ಅಂಶ ತಿರುಗಿರುತ್ತದೆ, ಅರ್ಧ ಅಂಶವೆಂದರೆ ಐವತ್ತಕ್ಕೂ ಮಿಕ್ಕಿ ಕಿಲೋಮೀಟರು. ವಿಜಯಪುರದಲ್ಲಿದ್ದೇನೆ ಎಂದುಕೊಂಡವನು ಸಿಂದಗಿಯಲ್ಲಿರುತ್ತಾನೆ. ಎರಿಹೊಲದಲ್ಲಾದರೆ ಯಾರಾದರೂ ರೊಟ್ಟಿ ಕೊಡುತ್ತಾರೆ. ನೀರಿನಲ್ಲಿ ಆ ಐವತ್ತು ಕಿಲೋಮೀಟರಿನ ನಡುವೆ ಬಂಡೆಯೂ ಇರಬಹುದು.

ಅಷ್ಟು ಸೂಕ್ಷ್ಮವಾಗಿ ಚಂದ್ರನ ನಡೆಯನ್ನು ಮುಂದಾಗಿ ಲೆಕ್ಕ ಹಾಕಬೇಕು. ಚಂದ್ರನೋ ಆಕಾಶದ ಪೋಲಿ ಹುಡುಗ. ಒಮ್ಮೆ ಬೇಗ, ಒಮ್ಮೆ ನಿಧಾನ. ಒಮ್ಮೆ ಸೂರ್ಯನ ದಾರಿಗಿಂತ ಐದು ಅಂಶ ಮೇಲೆ, ಒಮ್ಮೆ ಐದು ಅಂಶ ಕೆಳಗೆ. ಸೂರ್ಯನೂ ಭೂಮಿಯೂ ಇಬ್ಬರೂ ಎಳೆದಾಡುವುದರಿಂದ ಅವನ ನಡಿಗೆಗೆ ನೂರೆಂಟು ತಿದ್ದುಪಡಿ. ಈ ಪೋಲಿಯ ಹೆಜ್ಜೆಗಳನ್ನು ನಂಬುವಂತೆ ಲೆಕ್ಕಕ್ಕೆ ತಂದವನು ಟೋಬಿಯಾಸ್ ಮೇಯರ್. ಅವನಿದ್ದದ್ದು ಗಟಿಂಗೆನ್ನಿನಲ್ಲಿ, ನಮ್ಮಂತೆಯೇ ಒಳನಾಡು. 1762ರಲ್ಲಿ ಮೂವತ್ತೊಂಬತ್ತನೇ ವಯಸ್ಸಿಗೇ ತೀರಿಕೊಂಡ. ಅವನ ಕೋಷ್ಟಕಗಳಿಗಾಗಿ 1765ರಲ್ಲಿ ಅವನ ಹೆಂಡತಿಗೆ 3,000 ಪೌಂಡ್ ಸಂದಿತು. ಆ ಕೋಷ್ಟಕಗಳನ್ನು ಆಧರಿಸಿ ನೆವಿಲ್ ಮಾಸ್ಕೆಲಿನ್ 1767ನೇ ವರ್ಷದ ನಾಟಿಕಲ್ ಆಲ್ಮನಾಕ್ ಹೊರತಂದ. ಸೂರ್ಯನಿಂದ ಮತ್ತು ಕೆಲವು ಚುಕ್ಕಿಗಳಿಂದ ಚಂದ್ರನಿಗೆ ಎಷ್ಟು ದೂರ ಎಂದು ಮೂರು ಮೂರು ತಾಸಿಗೊಮ್ಮೆ ಕೊಟ್ಟ ಹಡಗಿನ ಪಂಚಾಂಗ ಅದು. ಈ ಅಂತರಗಳು ಅದರಲ್ಲಿ 1906ರವರೆಗೂ ಅಚ್ಚಾದವು.

ಆ ಲೆಕ್ಕಗಳನ್ನು ಮಾಡಿದವರು ಹಡಗಿನಲ್ಲಿ ಇರಲಿಲ್ಲ. ಇಂಗ್ಲೆಂಡಿನ ಬೇರೆ ಬೇರೆ ಊರುಗಳಲ್ಲಿ ಮನೆಯಲ್ಲೇ ಕೂತು, ಮಸಿ ಕುಡಿಕೆ ಇಟ್ಟುಕೊಂಡು ಕೂಡಿಸಿ ಕಳೆದವರು. ಅವರಲ್ಲಿ ಲಡ್ಲೋ ಎಂಬ ಒಳನಾಡಿನ ಊರಿನ ಪಾದ್ರಿಯೊಬ್ಬನಿದ್ದ. 1784ರಲ್ಲಿ ಅವನು ತೀರಿಕೊಂಡ ಮೇಲೆ ತಿಳಿದದ್ದು, ಅವನ ಹೆಸರಿನಲ್ಲಿ ಬರುತ್ತಿದ್ದ ಲೆಕ್ಕದಲ್ಲಿ ಹೆಚ್ಚಿನ ಪಾಲು ಮಾಡುತ್ತಿದ್ದವಳು ಹೆಂಡತಿ ಮೇರಿ ಎಡ್ವರ್ಡ್ಸ್. ಮುಂದೆ ತನ್ನ ಹೆಸರಿನಲ್ಲೇ ಆ ಕೆಲಸ ಮಾಡಿ ಮಕ್ಕಳನ್ನು ಸಾಕಿದಳು. ಒಲೆ, ಮಕ್ಕಳು, ಅಂಕಿಗಳು. ಅವಳ ಅಡುಗೆಮನೆಯ ಪಕ್ಕದ ಮೇಜಿನಿಂದ ಹೊರಟ ಸಂಖ್ಯೆಯೊಂದನ್ನು ಹಿಂದೂ ಮಹಾಸಾಗರದ ಕತ್ತಲಲ್ಲಿ ಯಾರೋ ಒಬ್ಬ ಲಾಂದ್ರದ ಬೆಳಕಿಗೆ ಹಿಡಿದು ಓದುತ್ತಿದ್ದನಲ್ಲ! ಚಂದ್ರನ ಕುರಿತು ನನ್ನಲ್ಲಿ ಉಳಿದಿರುವ ಬೆರಗಿನಲ್ಲಿ ಅರ್ಧ ಈ ಹೆಂಗಸಿಗೇ ಸೇರಿದ್ದು.

ಕಡಲಿಲ್ಲದವರು ಕಡಲಿನ ಲೆಕ್ಕ ಮಾಡುವುದು ನಮ್ಮ ಕಡೆಗೂ ಹೊಸದಲ್ಲ. 1114ರಲ್ಲಿ ಹುಟ್ಟಿ, ಮೂವತ್ತಾರನೇ ವಯಸ್ಸಿಗೆ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯ ತನ್ನ ಊರು ವಿಜ್ಜಡವಿಡ ಎಂದಿದ್ದಾನೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ, ಅಲ್ಲ, ಮಹಾರಾಷ್ಟ್ರದ ಕಡೆಯದು ಎನ್ನುವವರೂ ಇದ್ದಾರೆ. ಆ ವ್ಯಾಜ್ಯದಲ್ಲಿ ನಾನು ಸಾಕ್ಷಿ ನುಡಿಯುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ಸಂಗತಿ. ನಮ್ಮ ಹಳೆಯ ಜ್ಯೋತಿಷಿಗಳಿಗೆ ಗ್ರೀನ್‌ವಿಚ್ ಇರಲಿಲ್ಲ. ಲಂಕೆಯಿಂದ ಉಜ್ಜಯಿನಿಯ ಮೇಲೆ ಹಾದು ಕುರುಕ್ಷೇತ್ರದ ಕಡೆಗೆ ಹೋಗುವ ಗೆರೆಯೇ ಅವರ ಸೊನ್ನೆ. ನಕ್ಷೆ ಬಿಡಿಸಿ ಉಜ್ಜಯಿನಿಯಿಂದ ನೇರ ಕೆಳಕ್ಕೆ ಬೆರಳಿಳಿಸಿದರೆ ಅದು ವಿಜಯಪುರ ಶಹರದ ಮೂಡಣ ಮಗ್ಗುಲಲ್ಲಿ ಹಾದು ಹೋಗುತ್ತದೆ. ಇಂಡಿಯೂ ಬಸವನ ಬಾಗೇವಾಡಿಯೂ ಆ ಗೆರೆಯಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿವೆ. ಬೇರೆಯವರು ಪಂಚಾಂಗವನ್ನು ತಮ್ಮ ಊರಿಗೆ ತಿದ್ದಿಕೊಳ್ಳಲು ದೇಶಾಂತರ ಸಂಸ್ಕಾರ ಎಂಬ ಲೆಕ್ಕ ಮಾಡುವಾಗ ನಮ್ಮ ಸೀಮೆಯವರು ಆ ಕಾಲಂ ಖಾಲಿ ಬಿಟ್ಟರೂ ನಡೆಯುತ್ತಿತ್ತು. ಜೋಳ ಬಿತ್ತುತ್ತಿದ್ದದ್ದು ಜಗತ್ತಿನ ಸೊನ್ನೆಯ ಗೆರೆಯ ಮೇಲೆ ಎಂದು ಒಕ್ಕಲಿಗನಿಗೆ ಯಾರೂ ಹೇಳಿರಲಿಕ್ಕಿಲ್ಲ.

ಆ ದೇಶಾಂತರವನ್ನು ಕಂಡುಹಿಡಿಯುವ ದಾರಿಯೂ ಚಂದ್ರನೇ. ಸೂರ್ಯಸಿದ್ಧಾಂತದಲ್ಲಿ ಅದಿದೆ. ಚಂದ್ರಗ್ರಹಣ ಎಲ್ಲರಿಗೂ ಒಂದೇ ಕ್ಷಣಕ್ಕೆ ಕಾಣುತ್ತದೆ. ಉಜ್ಜಯಿನಿಯ ಲೆಕ್ಕದ ಹೊತ್ತಿಗಿಂತ ನಿಮ್ಮ ಊರಿನಲ್ಲಿ ತಡವಾಗಿ ಬಿಟ್ಟಿತೋ, ನೀವು ಮೂಡಣಕ್ಕಿದ್ದೀರಿ. ಬೇಗ ಬಿಟ್ಟಿತೋ, ಪಡುವಣಕ್ಕೆ. ನೆಲದ ಮೇಲಿದ್ದವರು ಗ್ರಹಣಕ್ಕೆ ಕಾಯಬಹುದು, ಊರು ಎಲ್ಲಿಗೂ ಓಡಿ ಹೋಗುವುದಿಲ್ಲ. ಹಡಗಿನವನಿಗೆ ಆ ಪುರಸೊತ್ತು ಇಲ್ಲ. ಮೇಯರನ ಕೋಷ್ಟಕ ಮಾಡಿದ್ದಿಷ್ಟೇ, ಚಂದ್ರ ಕಾಣುವ ಪ್ರತಿ ರಾತ್ರಿಯನ್ನೂ ಒಂದು ಗ್ರಹಣದಷ್ಟು ಬೆಲೆಯುಳ್ಳದ್ದಾಗಿ ಮಾಡಿದ್ದು.

ಬಸವನ ಬಾಗೇವಾಡಿಗೆ ಬಂದರೆ ಬಸವಣ್ಣನವರನ್ನು ಬಿಟ್ಟು ಮಾತಾಡುವುದು ಹೇಗೆ? ಚಂದ್ರ ಮತ್ತು ಕಡಲಿನ ನಂಟನ್ನು ಹೇಳುವ ಅವರ ವಚನವೊಂದಿದೆ. ಚಂದ್ರ ಮೂಡಿದಾಗ ಉಕ್ಕುವ, ಅವನು ಕರಗಿದಾಗ ಕುಗ್ಗುವ ಸಮುದ್ರವನ್ನು ಮುಂದಿಟ್ಟು, ಇಬ್ಬರಲ್ಲಿ ಒಬ್ಬರಿಗೆ ಕೇಡು ಬಂದಾಗ ಇನ್ನೊಬ್ಬರು ಅಡ್ಡ ಬಂದರೇ ಎಂದು ಅದು ಕೇಳುತ್ತದೆ. ಭಕ್ತಿಯ ಮಾತು ಅದು, ಉಬ್ಬರ-ಇಳಿತದ ಪಾಠವಲ್ಲ. ಆದರೂ ಬಾಗೇವಾಡಿಯಲ್ಲಿ ಹುಟ್ಟಿ, ಕೂಡಲಸಂಗಮದ ಹೊಳೆಗಳ ದಡದಲ್ಲಿ ಬೆಳೆದು, ಕಲ್ಯಾಣದಲ್ಲಿ ಲೆಕ್ಕಪತ್ರ ನೋಡಿದವರು ಹನ್ನೆರಡನೇ ಶತಮಾನದಲ್ಲಿ ಚಂದ್ರ ಹೆಚ್ಚಿದರೆ ಕಡಲೂ ಹೆಚ್ಚುತ್ತದೆ ಎಂಬುದನ್ನು ಎಲ್ಲರಿಗೂ ಗೊತ್ತಿರುವ ಮಾತೆಂಬಂತೆ ಹೇಳುತ್ತಾರೆ. ಕೇಳುವವರಿಗೂ ಅದು ತಿಳಿಯುತ್ತಿತ್ತು ಎಂದಾಯಿತು. ನಮ್ಮ ಸೀಮೆ ಕಡಲನ್ನು ನೋಡುವ ಮೊದಲೇ ಅದರ ಉಸಿರಾಟದ ಸುದ್ದಿ ತಿಳಿದಿತ್ತು.

ಈಗ ನಮಗೂ ಒಂದು ಕಡಲು ಬಂದಿದೆ, ಆಲಮಟ್ಟಿಯ ಹಿನ್ನೀರು. 519.6 ಮೀಟರ್ ಎತ್ತರಕ್ಕೆ ನೀರು ನಿಂತಾಗ 123 ಟಿಎಂಸಿ. ತುಂಬಿದ ಹುಣ್ಣಿವಿಯ ರಾತ್ರಿ ದಡದಲ್ಲಿ ಕೂತರೆ ಆಚೆ ದಡ ಕಾಣದು. ಹರಗೋಲಿನಲ್ಲಿ ಬಲೆ ಬಿಡಲು ಹೋದವರ ಬ್ಯಾಟರಿ ಬೆಳಕು ಮಾತ್ರ ಅಲ್ಲೊಂದು ಇಲ್ಲೊಂದು. ಆದರೆ ಈ ಕಡಲು ಚಂದ್ರನ ಮಾತು ಕೇಳುವುದಿಲ್ಲ. ಇದು ಕೇಳುವುದು ಮಹಾಬಳೇಶ್ವರದ ಮಳೆಯ ಮಾತು, ಗೇಟು ತಿರುಗಿಸುವ ಇಂಜಿನಿಯರನ ಮಾತು. ಕೆಳಗೆ ಮುಳುಗಿದ ಊರುಗಳಲ್ಲಿ ಯಾವ ತಿಥಿಗೆ ಯಾವ ಜಾತ್ರೆ ಆಗುತ್ತಿತ್ತೆಂದು ಬಲ್ಲ ಹಿರಿಯರು ಇನ್ನೂ ಇದ್ದಾರೆ.

ಪರದೇಶದ ನಾವಿಕರ ಪುಸ್ತಕಗಳಲ್ಲಿ ಒಂದು ಸುಲಭ ಉಪಾಯ ಬರೆದಿರುತ್ತಾರೆ. ಎಳೆ ಚಂದ್ರನ ಎರಡು ಕೋಡುಗಳಿಗೆ ಗೆರೆ ಎಳೆದು ಅದನ್ನು ದಿಗಂತಕ್ಕೆ ಇಳಿಸಿದರೆ ಅಲ್ಲಿ ದಕ್ಷಿಣವಂತೆ. ಯುಗಾದಿ ಚಂದ್ರನನ್ನು ನೋಡಿದವರಿಗೆ ಇದು ನಗು ತರಿಸುತ್ತದೆ. ಆಗ ನಮ್ಮ ಪಡುವಣದಲ್ಲಿ ಅವನು ಅಂಗಾತ ಮಲಗಿರುತ್ತಾನೆ, ಎರಡು ಕೋಡೂ ಹೆಚ್ಚುಕಡಿಮೆ ಸಮ, ಥೇಟ್ ದೋಣಿ. ಕೋಡಿನ ಗೆರೆ ದಿಗಂತಕ್ಕೆ ಮುಟ್ಟುವುದೇ ಇಲ್ಲ. ನಾವು ಭೂಮಧ್ಯರೇಖೆಗೆ ಹತ್ತಿರ, ಚಂದ್ರನ ದಾರಿ ಆ ದಿನಗಳಲ್ಲಿ ಪಡುವಣಕ್ಕೆ ನೆಟ್ಟಗೆ ಇಳಿಯುತ್ತದೆ. ದಸರೆಯ ದಿನಗಳಲ್ಲಿ ಅದೇ ದಾರಿ ಓರೆಯಾಗುತ್ತದೆ, ತೆಂಕಣದ ಕೋಡು ತಗ್ಗುತ್ತದೆ. ಯುಗಾದಿ ಚಂದ್ರನ ಯಾವ ಕೋಡು ಮೇಲಿದೆ ಎಂದು ನೋಡಿ ನಮ್ಮ ಹಿರಿಯರು ಮಳೆ-ಬೆಳೆಯ ಮಾತಾಡುತ್ತಿದ್ದರು. ಆ ಭವಿಷ್ಯ ಎಷ್ಟು ಫಲಿಸಿತೋ ನನಗೆ ನಂಬಿಕೆ ಇಲ್ಲ, ಆದರೆ ಅವರು ಕೋಡು ನೋಡುತ್ತಿದ್ದರು ಎಂಬುದು ನಿಜ. ನಾವು ಮೊಬೈಲಿನಲ್ಲಿ ಶುಭಾಶಯ ನೋಡುತ್ತೇವೆ.

ಜೋಶುವಾ ಸ್ಲೋಕಮ್ ಎಂಬ ಹಳೆಯ ಕಪ್ತಾನನ ಪ್ರಸಂಗ ನನಗೆ ಬಹಳ ಪ್ರೀತಿಯದು. ಒಬ್ಬನೇ ಭೂಮಿ ಸುತ್ತಲು ಹೊರಟವನು 1896ರಲ್ಲಿ ಪೆಸಿಫಿಕ್‌ನಲ್ಲಿದ್ದ. ಜೊತೆಗಿದ್ದ ಗಡಿಯಾರ ಒಂದು ಡಾಲರಿಗೆ ಕೊಂಡ ತಗಡಿನದು, ಮುಖ ಒಡೆದದ್ದರಿಂದ ಅಂಗಡಿಯವನು ದರ ಇಳಿಸಿದ್ದ. ನೆಲ ಬಿಟ್ಟ ನಲವತ್ತಮೂರನೇ ದಿನ ಅವನು ಸೂರ್ಯ-ಚಂದ್ರರ ಅಂತರ ಅಳೆದು ಲೆಕ್ಕ ಮಾಡಿದ. ಉತ್ತರ ತನ್ನ ಅಂದಾಜಿನಿಂದ ನೂರಾರು ಮೈಲು ಆಚೆ ಬಂತು. ಬೇರೆ ಯಾರಾದರೂ ತಮ್ಮ ಕೈಯನ್ನೇ ಅನುಮಾನಿಸುತ್ತಿದ್ದರು. ಅವನು ಕೋಷ್ಟಕವನ್ನು ಅನುಮಾನಿಸಿ ಹುಡುಕಿದ, ಅಚ್ಚಾದ ಅಂಕಿಯಲ್ಲೇ ತಪ್ಪು ಸಿಕ್ಕಿತು. ತಿದ್ದಿದ ಮೇಲೆ ಚಂದ್ರನ ಲೆಕ್ಕಕ್ಕೂ ಅವನ ಅಂದಾಜಿಗೂ ಐದು ಮೈಲಿನ ಅಂತರ. ಅವನ ಆ ಹೊತ್ತಿನ ಹೆಮ್ಮೆ ನನಗೆ ಅರ್ಥವಾಗುತ್ತದೆ. ಹೋದ ದೀಪಾವಳಿ ಕಳೆದು ಒಂಬತ್ತನೇ ದಿನ ನನಗೂ ಅದರದೊಂದು ಚೂರು ಸಿಕ್ಕಿತು.

ನನ್ನ ತಂಗಿಯ ಮಗ ಸರಕಿನ ಹಡಗಿನಲ್ಲಿ ಅಧಿಕಾರಿ. ರಜೆಗೆ ಬರುವಾಗ ಅಭ್ಯಾಸದ ಪ್ಲಾಸ್ಟಿಕ್ ಸೆಕ್ಸ್‌ಟಂಟ್ ತಂದಿದ್ದ. ಜಿಪಿಎಸ್ ಇರುವಾಗ ಇದೇಕೆ ಎಂದರೆ, "ಮಾಮಾ, ಕರೆಂಟ್ ಹೋದ್ರ ಚಂದಪ್ಪ ಹೋಗಂಗಿಲ್ಲಲ್ಲ" ಎಂದ. ಚಂದ್ರನಿಂದ ಈಗ ಯಾರೂ ಹೊತ್ತು ಕೇಳುವುದಿಲ್ಲ, ಗಡಿಯಾರ ಎಲ್ಲರ ಕೈಯಲ್ಲಿದೆ. ಅವನ ಎತ್ತರವನ್ನಷ್ಟೇ ಅಳೆದು, ಆ ಕ್ಷಣಕ್ಕೆ ಅಷ್ಟೇ ಎತ್ತರ ಕಾಣುವ ಜಾಗಗಳ ಗೆರೆಯನ್ನು ನಕ್ಷೆಯ ಮೇಲೆ ಎಳೆಯುತ್ತಾರೆ. ಇನ್ನೊಂದು ಚುಕ್ಕಿಯಿಂದ ಇನ್ನೊಂದು ಗೆರೆ. ಎರಡು ಕೂಡಿದಲ್ಲಿ ನೀವು.

ಆದರೆ ಎತ್ತರ ಅಳೆಯಲು ನೀರಿನ ದಿಗಂತ ಬೇಕು, ನಮ್ಮ ಮಾಳಿಗೆಯಿಂದ ಕಾಣುವುದು ಪಕ್ಕದ ಮನೆಯ ಬಣವೆ. ಅದಕ್ಕೂ ಉಪಾಯವಿತ್ತು. ಅಲುಗದ ದ್ರವದಲ್ಲಿ ಚಂದ್ರನ ನೆರಳು ಹಿಡಿದು, ಮೇಲಿನ ಚಂದ್ರನಿಗೂ ಕೆಳಗಿನ ಚಂದ್ರನಿಗೂ ಇರುವ ಕೋನ ಅಳೆದು ಅರ್ಧ ಮಾಡಬೇಕು. ತಳ ಕಪ್ಪಗಿದ್ದಷ್ಟೂ ಒಳ್ಳೆಯದು. ಅಡುಗೆಮನೆಯಲ್ಲಿ ಅದಕ್ಕಿಂತ ಕಪ್ಪಾದದ್ದು ಇನ್ನೇನಿದೆ? ಅವ್ವನ ಕಬ್ಬಿಣದ ರೊಟ್ಟಿ ಹಂಚು ತಂದು, ಕುಂಬಿಯ ಮರೆಯಲ್ಲಿ ಗಾಳಿ ತಾಗದಂತೆ ಇಟ್ಟು, ಕುಸುಬಿ ಎಣ್ಣೆ ಸುರಿದೆವು. ಎಣ್ಣೆ ನಿಂತಿತು. ಹಂಚಿನೊಳಗೆ ನವಮಿಯ ಚಂದ್ರ ಬಂದು ಕೂತ, ಮೇಲಿನವನಿಗಿಂತ ತುಸು ಹಳದಿ.

ಅಳಿಯ ಬಗ್ಗಿ ಕಣ್ಣಿಟ್ಟು ತಿರುಪು ತಿರುಗಿಸಿದ. ಆಮೇಲೆ ನನ್ನ ಕೈಗೆ ಕೊಟ್ಟ. ಕೊಳವೆಯಲ್ಲಿ ನೋಡಿದರೆ ಎಣ್ಣೆಯ ಚಂದ್ರ ಸುಮ್ಮನಿದ್ದಾನೆ, ಕನ್ನಡಿಯ ಚಂದ್ರ ಮೆಲ್ಲಗೆ ಇಳಿಯುತ್ತಿದ್ದಾನೆ. ಒಂದು ಇನ್ನೊಂದರ ಮೇಲೆ ಕೂಡುವ ಹೊತ್ತಿಗೆ ಉಸಿರು ಬಿಟ್ಟರೆ ಹಂಚು ನಡುಗುತ್ತದೆ, ಚಂದ್ರ ಚೂರಾಗುತ್ತಾನೆ. ನಾಲ್ಕು ಸಲ ಚೂರಾದ. ಐದನೇ ಸಲ ಕೂಡಿದ. "ಹಾಂ!" ಎಂದೆ, ಅವನು ಗಡಿಯಾರ ನೋಡಿ ಬರೆದುಕೊಂಡ. ವಾಯವ್ಯದಲ್ಲಿ ಇಳಿಯುತ್ತಿದ್ದ ಅಭಿಜಿತ್ ಚುಕ್ಕಿಯನ್ನೂ ಹಾಗೇ ಎಣ್ಣೆಯಲ್ಲಿ ಹಿಡಿದೆವು, ಅದಕ್ಕೆ ಅರ್ಧ ತಾಸು ಬೇಕಾಯಿತು.

ಲೆಕ್ಕ ಬಂತು. ನಮ್ಮ ಮನೆ ಅರವತ್ತು ಕಿಲೋಮೀಟರು ದೂರ, ಭೀಮಾ ಹೊಳೆಯ ಆಚೆ, ಕಲಬುರಗಿಯ ಕಡೆ ಹೋಗಿ ನಿಂತಿತ್ತು. ಅಳಿಯ ತಲೆ ಕೆರೆದುಕೊಂಡು ಕಾಗದ ತಿರುವಿ, ನಾಲಿಗೆ ಕಚ್ಚಿದ. ಚಂದ್ರ ಹತ್ತಿರದವನು. ಭೂಮಿಯ ನಡುವಿನಿಂದ ನೋಡಿದ್ದಕ್ಕೂ ನಮ್ಮ ಮಾಳಿಗೆಯಿಂದ ನೋಡಿದ್ದಕ್ಕೂ ಅವನ ಜಾಗ ಅರ್ಧ ಅಂಶದವರೆಗೆ, ಕೆಲವೊಮ್ಮೆ ಒಂದು ಅಂಶದ ಹತ್ತಿರ ಬೇರೆಯಾಗುತ್ತದೆ. ಆ ತಿದ್ದುಪಡಿಯನ್ನು ಅವನು ಮರೆತಿದ್ದ. ಬೇರೆ ಚುಕ್ಕಿಗಳಿಗೆ ಇದು ಬೇಡ, ಅವು ಅಷ್ಟು ದೂರ. ಭಾಸ್ಕರಾಚಾರ್ಯ ಗ್ರಹಣದ ಲೆಕ್ಕದಲ್ಲಿ ಇದನ್ನೇ ಲಂಬನ ಎಂದು ಕರೆದು ತಿದ್ದುತ್ತಿದ್ದ ಎಂದೆ. "ಅವರು ಹಡಗಿನ್ಯಾಗ ಇದ್ರೇನು ಮಾಮಾ?" ಎಂದು ಕೇಳಿದ ಅಳಿಯ, ತಲೆ ಎತ್ತದೆ.

ಲಂಬನ ಕೂಡಿಸಿದ ಮೇಲೆ ಮನೆ ಹೊಳೆ ದಾಟಿ ಈಚೆ ಬಂತು. ಇನ್ನೂ ಎಂಟು ಕಿಲೋಮೀಟರಿನ ತಪ್ಪು ಉಳಿಯಿತು, ಪ್ಲಾಸ್ಟಿಕ್ಕಿನದೋ ನನ್ನ ಉಸಿರಿನದೋ. ಪಿಯುಸಿಯ ಆ ರಾತ್ರಿಯೂ ನಾನು ತಪ್ಪಿದ್ದು ಹೆಚ್ಚುಕಡಿಮೆ ಅಷ್ಟೇ.

ಕೆಳಗಿನಿಂದ ಅವ್ವ ಕೂಗಿದಳು. "ಏನ್ ಮಾಡಾಕ ಹತ್ತೀರೋ ಇಷ್ಟೊತ್ತನ?"

"ನಮ್ಮ ಮನಿ ಎಲ್ಲೈತಿ ಅಂತ ನೋಡಾಕತ್ತೀವಿ ಬೇ."

"ಸಿಕ್ತೇನು?"

"ಸಿಕ್ತು, ಎಂಟು ಕಿಲೋಮೀಟರ್ ಆಚಿಗೆ."

"ಹಂಗಾದ್ರ ಉಣ್ಣಾಕ ಅಲ್ಲಿಗೇ ಹೋಗ್ರಿ," ಎನ್ನುತ್ತ ನಿಚ್ಚಣಿಕೆ ಹತ್ತಿ ಬಂದವಳು ಹಂಚು ನೋಡಿ ನಿಂತಳು. ಬೈಗುಳ ಬಾಯಿಗೆ ಬಂದಿತ್ತು. ಬಗ್ಗಿ, ಎಣ್ಣೆಯಲ್ಲಿ ಬಿದ್ದು ಒದ್ದಾಡುತ್ತಿದ್ದ ಒಂದು ದೀಪದ ಹುಳುವನ್ನು ಬೆರಳ ತುದಿಯಿಂದ ಎತ್ತಿ ಕುಂಬಿಯ ಮೇಲೆ ಬಿಟ್ಟಳು. ಎಣ್ಣೆ ಅಲುಗಿ, ಮತ್ತೆ ನಿಲ್ಲುವವರೆಗೆ ನೋಡಿದಳು. ಆಮೇಲೆ ಹಂಚನ್ನು ಎರಡೂ ಕೈಯಲ್ಲಿ ತುಳುಕದಂತೆ ಹಿಡಿದು, ನಿಚ್ಚಣಿಕೆಯ ಬಳಿ ನಿಂತು ಅಳಿಯನಿಗೆ ಹೇಳಿದಳು, "ಬ್ಯಾಟರಿ ಹಿಡಿಯೋ ತಮ್ಮಾ, ಮೆಟ್ಲಾ ಕಾಣವಲ್ವು."